ತೀರ್ಥದ ಹಂಡೆಯ ಮೇಲೆ ಕೂತ ಭಾನುವಾರ

ಜೆಸಿಂತಾ, ವಿನೋದ,

ನೀವಿಬ್ಬರೂ ಬೇರೆ ಬೇರೆ ಸಲ ಒಂದೇ ಮಾತು ಕೇಳಿದ್ದೀರಿ. ಅಜ್ಜಿ, ಅಷ್ಟು ವರ್ಷ ಚರ್ಚಿನಲ್ಲಿ ನೀನು ಮಾಡಿದ್ದಾದರೂ ಏನು ಎಂದು. ಗುಡಿಸಿದೆ, ಗಂಟೆ ಹೊಡೆದೆ, ನೀರು ಸೇದಿದೆ ಅಂತ ಹೇಳಿ ನಾನು ಅಡುಗೆಮನೆಗೆ ಎದ್ದು ಹೋಗಿದ್ದೆ. ಎದುರಿಗೆ ಯಾರಾದರೂ ಕೂತು ಕೇಳಿಸಿಕೊಳ್ಳುತ್ತಿದ್ದರೆ ನನ್ನ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಈಗ ಜೆಸಿಂತಾ ನರ್ಸ್ ಆಗಿ ಆಸ್ಪತ್ರೆಗೆ ಸೇರಿದ್ದಾಳೆ. ವಿನೋದನನ್ನು ಚರ್ಚಿನ ಕಮಿಟಿಗೆ ತೆಗೆದುಕೊಂಡಿದ್ದಾರೆ. ಇಬ್ಬರೂ ಬೇರೆಯವರ ಜೀವ ಕಾಯುವ ಕೆಲಸಕ್ಕೆ ಬಂದಿದ್ದೀರಿ. ಆ ಕೆಲಸ ಹೊರಗಿನಿಂದ ಕಾಣುವಂತೆ ಇರುವುದಿಲ್ಲ.

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಚರ್ಚು. ಸುತ್ತ ತೆಂಗಿನ ತೋಟ. ನಮ್ಮದು ಅರವತ್ತು ಮನೆಯ ಸಭೆ. ಹೆಚ್ಚಿನವರು ಕಾಯಿ ಕೀಳುವವರು, ಸುಲಿಯುವವರು, ಕೊಬ್ಬರಿ ಒಡೆಯುವವರು. ನಿಮ್ಮ ತಾತ ಅಲ್ಲಿ ಉಪದೇಶಿ, ಎಂದರೆ ಮಕ್ಕಳಿಗೆ ಜಪ ಕಲಿಸುವುದು, ಗುರುಗಳು ಇಲ್ಲದ ದಿನ ಪ್ರಾರ್ಥನೆ ನಡೆಸುವುದು, ಗಂಟೆ, ದೀಪ, ನೀರು ಎಲ್ಲ ಅವರದೇ. ಕಾಮಾಲೆಯಲ್ಲಿ ಅವರು ಹೋದಾಗ ನಿಮ್ಮ ಅಪ್ಪನಿಗೆ ಮೂರು ವರ್ಷ. ಜಪ ಕಲಿಸುವುದನ್ನು ಬೇರೆಯವರಿಗೆ ಕೊಟ್ಟರು. ಗಂಟೆ, ದೀಪ, ನೀರು ನನಗೆ ಬಂತು. ಜೊತೆಗೆ ಕಾಂಪೌಂಡಿನ ಮೂಲೆಯಲ್ಲಿದ್ದ ಒಂದು ಕೋಣೆಯ ಮನೆಯೂ ನಮ್ಮದಾಗಿ ಉಳಿಯಿತು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಇದನ್ನು ಮರೆಯದೆ ಮುಂದೆ ಓದಿ.

ನಾನು ಮಾಡಿದ ಮೊದಲ ತಪ್ಪು ಬಾಗಿಲ ಬಳಿಯ ಕಲ್ಲಿನ ಬಟ್ಟಲಿನದು. ಒಳಗೆ ಬರುವವರು ಬೆರಳು ಅದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುವ ತೀರ್ಥ ಅದರಲ್ಲಿರುತ್ತಿತ್ತು. ನೀರು ಕಡಿಮೆಯಾದಾಗ ಮೇಲೆ ಸುರಿಯುತ್ತಿದ್ದೆನೇ ಹೊರತು ಎಂದೂ ಖಾಲಿ ಮಾಡಿ ಉಜ್ಜಿರಲಿಲ್ಲ. ಮಂತ್ರಿಸಿದ ನೀರನ್ನು ಚೆಲ್ಲುವುದು ಹೇಗೆ ಎಂಬ ಅಂಜಿಕೆ. ಆಗ ಇದ್ದ ಹಿರಿಯ ಗುರುಗಳು ಒಂದು ದಿನ ನನ್ನನ್ನು ಕರೆದು ತಮ್ಮ ದಪ್ಪ ಕನ್ನಡಕ ತೆಗೆದು ಕೈಗೆ ಕೊಟ್ಟರು. ಬಟ್ಟಲಿನ ಮೇಲೆ ಹಿಡಿದು ನೋಡು ಎಂದರು. ನೋಡಿದೆ. ಸಣ್ಣ ಸಣ್ಣ ಹುಳ ಕೊಂಕಿಕೊಂಡು ಓಡಾಡುತ್ತಿದ್ದವು. ಅವರು ಬೈಯಲಿಲ್ಲ. ಮಂತ್ರಿಸಿದ ನೀರನ್ನು ಯಾರ ಕಾಲೂ ತಾಗದ ಕಡೆ ಗುಂಡಿ ತೆಗೆದು ಸುರಿಯಬೇಕು, ಆದರೆ ಸುರಿಯಲೇಬೇಕು ಎಂದು ಹೇಳಿಕೊಟ್ಟರು. ಆ ವಾರದಿಂದ ಪ್ರತಿ ಶುಕ್ರವಾರ ಬಟ್ಟಲು ಉಜ್ಜಿ ಬಿಸಿಲಿಗೆ ಒಣಗಿಸುವುದು ನನ್ನ ಕೆಲಸವಾಯಿತು.

ಆಮೇಲೆ ದಾಕು ಹಾಕುವವರು ಬಂದ ಭಾನುವಾರ. ದಾಕು ಅಂದರೆ ಸಿಡುಬಿನ ಲಸಿಕೆ. ಆಗ ಇನ್ನೂ ಸಿಡುಬಿನ ಭಯ ಹೋಗಿರಲಿಲ್ಲ. ಹೆಲ್ತ್ ಇನ್‌ಸ್ಪೆಕ್ಟರ್ ಗಫಾರ್ ಸಾಹೇಬರು ತಿಪಟೂರಿನವರು. ಸೈಕಲ್ಲಿನ ಹ್ಯಾಂಡಲ್ಲಿಗೆ ಖಾಕಿ ಚೀಲ ನೇತುಹಾಕಿಕೊಂಡು ಬರುತ್ತಿದ್ದರು. ವಾರದ ದಿನ ಮನೆಗೆ ಬಂದರೆ ನಮ್ಮ ಜನ ತೋಟದೊಳಗೆ ಓಡುತ್ತಾರೆ, ಭಾನುವಾರ ಎಲ್ಲರೂ ಒಂದೇ ಕಡೆ ಸಿಗುತ್ತಾರೆ ಎಂಬುದು ಅವರ ಲೆಕ್ಕ. ಪೂಜೆ ಮುಗಿಯುವಾಗ ಪಕ್ಕದ ಬಾಗಿಲಿಗೆ ಅಗುಳಿ ಹಾಕಿ, ಮುಂಬಾಗಿಲೊಂದನ್ನು ಮಾತ್ರ ಬಿಡಲು ನನಗೆ ಹೇಳಿದ್ದರು. ಹಾಕಿದೆ. ಜನ ಒಬ್ಬೊಬ್ಬರಾಗಿ ತೋಳು ಕೊಟ್ಟರು. ನಮ್ಮ ಸಭೆಗೆ ದೊಡ್ಡ ಯಜಮಾನ ಇನ್ನಾಸಪ್ಪ. ನನ್ನ ಮಾವನವರ ತಮ್ಮ, ಮೀಸೆಯ ಮನುಷ್ಯ. ಅವರೊಬ್ಬರೇ ಕಾಣಲಿಲ್ಲ. ಹುಡುಕಿದರೆ ಗುರುಗಳು ಕೂತು ಪಾಪನಿವೇದನೆ ಕೇಳುವ ಮರದ ಪೆಟ್ಟಿಗೆಯೊಳಗೆ ಪರದೆ ಎಳೆದುಕೊಂಡು ಕೂತಿದ್ದರು. ಗಫಾರ್ ಸಾಹೇಬರು ಪರದೆಯ ಹೊರಗೆ ನಿಂತು ಮೆಲ್ಲಗೆ ಹೇಳಿದರು:

"ಯಜಮಾನ್ರೇ, ಪಾಪ ಒಳಗೇ ಹೇಳ್ಕೊಳ್ಳಿ, ತೋಳು ಮಾತ್ರ ಹೊರಗೆ ಕೊಡಿ."

ಪರದೆಯ ಸಂದಿಯಿಂದ ತೋಳು ಬಂತು. ಊರೆಲ್ಲ ಒಂದು ತಿಂಗಳು ನಕ್ಕಿತು. ಬಾಗಿಲಿಗೆ ಅಗುಳಿ ಹಾಕಿದ ನನ್ನ ಜೊತೆ ಇನ್ನಾಸಪ್ಪ ಮಾವ ಮಾತ್ರ ಬಹಳ ದಿನ ಮಾತಾಡಲಿಲ್ಲ.

ಇನ್ನು ನಾನು ಹೇಳಬೇಕಾದ ಬೇಸಿಗೆಗೆ ಬರುತ್ತೇನೆ. ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ಹಿರಿಯ ಗುರುಗಳು ವರ್ಗವಾಗಿ, ಒಬ್ಬ ಎಳೆಯ ಗುರುಗಳು ಬಂದಿದ್ದರು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಉಪವಾಸದ ದಿನಗಳು. ವಾಂತಿಭೇದಿಯ ಸುದ್ದಿ ಮೊದಲು ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂತು, ಆಮೇಲೆ ತುರುವೇಕೆರೆ ಕಡೆಯಿಂದ, ಆಮೇಲೆ ಪಕ್ಕದ ಊರಿನಿಂದ. ಇದು ಕಾಲರಾ, ಎಷ್ಟೋ ದೇಶ ಸುತ್ತಿಕೊಂಡು ಬಂದಿರುವ ರೋಗ, ನೀರಿನಲ್ಲಿ ಬರುತ್ತದೆ ಎಂದು ಗಫಾರ್ ಸಾಹೇಬರು ಚರ್ಚಿನ ಜಗುಲಿಯ ಮೇಲೆ ನಿಂತು ಹೇಳಿದರು. ಬಾವಿಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಹಾಕಿದ ಬಾವಿಯ ಕಟ್ಟೆಗೆ ಸುಣ್ಣದ ಗುರುತು ಬಳಿದರು. ಗುರುತು ಇಲ್ಲದ ಬಾವಿಯ ನೀರು ಕುಡಿಯಬಾರದು. ಚರ್ಚಿನ ಬಾವಿಗೆ ಗುರುತು ಬಿತ್ತು. ರಸ್ತೆ ದಾಟಿದರೆ ಚಿಕ್ಕಣ್ಣನವರ ತೋಟದ ಬಾವಿ. ಅಷ್ಟು ಹೊತ್ತಿಗೆ ಪೌಡರ್ ಮುಗಿದಿತ್ತು. ಅದಕ್ಕೆ ಈಸ್ಟರ್ ಹಬ್ಬ ಕಳೆದ ಸೋಮವಾರ ಹಾಕುವುದೆಂದು ಹೇಳಿ ಹೋದರು.

ಎಳೆಯ ಗುರುಗಳು ನನ್ನನ್ನು ಕರೆದು, ನಮ್ಮ ಸಭೆಯಲ್ಲಿ ಒಂದು ಜೀವವೂ ಹೋಗಬಾರದು ತೆರೆಸಮ್ಮ, ಏನೇನು ಬದಲಾಯಿಸಬೇಕೋ ನಾವಿಬ್ಬರೂ ಕೂತು ನೋಡೋಣ ಎಂದರು. ಕಮಿಟಿಯವರನ್ನು ಬಿಟ್ಟು ನನ್ನನ್ನು ಕೇಳಿದ್ದಕ್ಕೆ ಕಾರಣವಿತ್ತು. ಜನರ ಕೈಬಾಯಿ ಎಲ್ಲೆಲ್ಲಿ ತಾಗುತ್ತದೆ ಎಂಬುದು ಒರೆಸುವವಳಿಗೇ ಗೊತ್ತು. ಕಲ್ಲಿನ ಬಟ್ಟಲು ಖಾಲಿ ಮಾಡಿ ಬೋರಲು ಹಾಕಿದೆ. ಜಗುಲಿಯ ಕುಡಿಯುವ ನೀರಿನ ಕೊಡ ಒಳಗಿಟ್ಟೆ. ಶುಭ ಶುಕ್ರವಾರ ಎಲ್ಲರೂ ಸಾಲಾಗಿ ಬಂದು ಶಿಲುಬೆಯ ಪಾದಕ್ಕೆ ಮುತ್ತಿಡುತ್ತಾರಲ್ಲ, ಪ್ರತಿ ಮುತ್ತಿನ ನಂತರ ಬಟ್ಟೆಯಿಂದ ಪಾದ ಒರೆಸುವುದು ನನ್ನ ಕೆಲಸ. ಒರೆಸಿದರೆ ಶುದ್ಧ ಎಂದು ಅಷ್ಟು ವರ್ಷ ನಂಬಿದ್ದೆ. ಇನ್ನೂರು ಜನಕ್ಕೂ ಒಂದೇ ಬಟ್ಟೆ ಎಂಬುದು ಆ ವರ್ಷ ಹೊಳೆಯಿತು. ಅದನ್ನು ಗುರುಗಳಿಗೆ ಹೇಳಿದೆ. ಆ ಶುಕ್ರವಾರ ಜನ ದೂರದಿಂದ ತಲೆಬಾಗಿ ಹೋದರು. ಅಂದು ಉಪವಾಸ ಬಿಡುವವರಿಗೆ ಚರ್ಚಿನಲ್ಲಿ ಕೊಡುವ ಗಂಜಿಯನ್ನು ಕುದಿಯುತ್ತಿರುವಂತೆಯೇ ಬಡಿಸಿದೆವು.

ಜನ ಸುಮ್ಮನೆ ಒಪ್ಪಲಿಲ್ಲ. ಆ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರ, ನಮ್ಮ ಕಡೆ ಎಲ್ಲರೂ ತೆಂಗಿನ ಗರಿ ಹಿಡಿದು ಮೆರವಣಿಗೆ ಬರುವ ದಿನ, ಬಾಯಾರಿ ಬಂದವರಿಗೆ ಚರ್ಚಿನ ಬಾವಿಯ ನೀರು ಕೊಟ್ಟೆ. ಪೌಡರಿನ ವಾಸನೆಗೆ ಹೆಂಗಸರು ಮೂಗು ಮುಚ್ಚಿಕೊಂಡರು. ಇನ್ನಾಸಪ್ಪ ಮಾವ ಒಂದು ಗುಟುಕು ಕುಡಿದು ಉಗಿದರು. ಈಸ್ಟರ್ ತೀರ್ಥಕ್ಕೂ ಇದೇ ನಾತವಾದರೆ ಅದನ್ನು ತೀರ್ಥ ಅಂತ ಹ್ಯಾಗೆ ಅನ್ನೋದು ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

ಈಸ್ಟರ್ ತೀರ್ಥ ನಿಮಗೆ ಗೊತ್ತಿದೆ. ಆಗ ಅದು ಇನ್ನೂ ದೊಡ್ಡದು. ಪವಿತ್ರ ಶನಿವಾರ ಸಂಜೆ ತಾಮ್ರದ ಹಂಡೆಯಲ್ಲಿ ನೀರು ತುಂಬಿಸಿ ಗುರುಗಳು ಮಂತ್ರಿಸುತ್ತಾರೆ. ಭಾನುವಾರ ಬೆಳಗಿನ ಪೂಜೆ ಆದ ಮೇಲೆ ಮನೆಗೊಂದು ಚೊಂಬು, ಸೀಸೆ ಹಿಡಿದು ಬರುತ್ತಾರೆ. ಅಲ್ಲೇ ಮೂರು ಗುಟುಕು ಕುಡಿದು, ಮಕ್ಕಳ ಬಾಯಿಗೂ ಬಿಟ್ಟು, ಮಿಕ್ಕಿದ್ದನ್ನು ವರ್ಷವಿಡೀ ಜ್ವರಕ್ಕೆ, ಹೆರಿಗೆಗೆ ಅಂತ ಇಟ್ಟುಕೊಳ್ಳುತ್ತಾರೆ. ಈ ಸಲ ಸುಣ್ಣದ ಗುರುತು ಇರುವ ನಮ್ಮ ಬಾವಿಯ ನೀರನ್ನೇ ತುಂಬಿಸಬೇಕೆಂದು ಗುರುಗಳು ನನಗೆ ಎರಡು ಸಲ ಹೇಳಿದ್ದರು. ಹೂಂ ಅಂದಿದ್ದೆ.

ಶನಿವಾರ ಮಧ್ಯಾಹ್ನ ಆ ಬಾವಿಯಿಂದ ಆರು ಕೊಡ ಸೇದಿ ಹಂಡೆಗೆ ಸುರಿದು, ಬಗ್ಗಿ ಮೂಸಿ ನೋಡಿದೆ. ಪೌಡರಿನ ಘಾಟು ಮೂಗಿಗೆ ಏರಿತು. ನಾನು ಉಜ್ಜಿ ಹೊಳೆಸಿದ ಹಂಡೆ. ವರ್ಷಕ್ಕೊಂದು ದಿನ ಜನ ನನ್ನ ಕೈಯ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅದೊಂದೇ ದಿನ ನಾನೂ ಆ ಸಭೆಯಲ್ಲಿ ಒಬ್ಬಳು ಅನ್ನಿಸುತ್ತಿತ್ತು. ಆ ನೀರಿಗೆ ಮೂಗು ಮುಚ್ಚುತ್ತಾರಲ್ಲ ಎಂದು ಸಂಕಟವಾಯಿತು. ಅಷ್ಟೂ ನೀರನ್ನು ದಾಸವಾಳದ ಬುಡಕ್ಕೆ ಸುರಿದೆ. ರಸ್ತೆ ದಾಟಿ ಚಿಕ್ಕಣ್ಣನವರ ತೋಟದ ಬಾವಿಯಿಂದ ಸೇದಿಕೊಂಡು ಬಂದೆ. ಎಳನೀರಿನಂಥ ನೀರು ಅದು. ಕಟ್ಟೆಗೆ ಸುಣ್ಣದ ಗುರುತು ಇಲ್ಲ ಎಂಬುದು ಕಣ್ಣಿಗೆ ಬಿತ್ತು. ಊರಿನಿಂದ ದೂರದ ಬಾವಿ, ತಿಳಿಯಾಗಿದೆ, ಒಂದು ದಿನದ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಯಾರೂ ನೋಡಲಿಲ್ಲ. ಸಂಜೆ ಗುರುಗಳು ಮಂತ್ರಿಸಿದರು.

ಆಮೇಲೆ ನಾನು ಇನ್ನೊಂದು ಕೆಲಸ ಮಾಡಿದೆ. ಇನ್ನಾಸಪ್ಪ ಮಾವನ ಅಕ್ಕ ಲೂರ್ದಮ್ಮ, ನನಗೆ ಅತ್ತೆಯಾಗಬೇಕು, ಸೊಂಟ ಮುರಿದು ಮಲಗಿ ಎರಡು ವರ್ಷವಾಗಿತ್ತು. ನಮ್ಮ ಕೇರಿಗೆಲ್ಲ ಹೆರಿಗೆ ಮಾಡಿಸಿದ ಕೈ ಅವರದು. ನಿಮ್ಮ ಅಪ್ಪನನ್ನು ಈ ಲೋಕಕ್ಕೆ ತಂದಿದ್ದೂ ಅವರೇ. ಭಾನುವಾರ ಬರಲಾರರಲ್ಲ ಎಂದು ಒಂದು ಸಣ್ಣ ಸೀಸೆಯಲ್ಲಿ ತೀರ್ಥ ತುಂಬಿ ಅಂದೇ ಸಂಜೆ ಕೊಟ್ಟುಬಂದೆ. ಎಷ್ಟು ಸಿಹಿ ನೀರು ಅಂದರು.

ಭಾನುವಾರ ಬೆಳಗ್ಗೆ ಪೂಜೆ ಅರ್ಧವಾಗಿತ್ತು. ನಾನು ಹಂಡೆಯನ್ನು ಮರದ ಮುಚ್ಚಳ ಹಾಕಿ ಜಗುಲಿಯ ಮೇಲೆ ಇಟ್ಟು ಪಕ್ಕದಲ್ಲಿ ನಿಂತಿದ್ದೆ. ಗಫಾರ್ ಸಾಹೇಬರ ಸೈಕಲ್ಲು ಬಂತು. ಹಬ್ಬದ ದಿನ ಅವರು ಬರುವವರಲ್ಲ. ಇಳಿಯದೆ ಒಂದು ಕಾಲು ನೆಲಕ್ಕೆ ಊರಿ ಹೇಳಿದರು:

"ಅಮ್ಮಾ, ಚಿಕ್ಕಣ್ಣನ ತೋಟದ ಬಾವಿ ಯಾರೂ ಮುಟ್ಟಬಾರ್ದು. ಅಲ್ಲಿ ಕಾಯಿ ಸುಲಿಯೋ ಇಬ್ರು ಶುಕ್ರವಾರದಿಂದ ಮಲಗಿದಾರೆ. ಅವರ ಬಟ್ಟೆ ಬಾವಿ ಕಟ್ಟೆ ಮೇಲೇ ಒಗೆದಿದಾರೆ. ಪೂಜೆ ಆದ್ಮೇಲೆ ಎಲ್ಲರಿಗೂ ಹೇಳಿ. ನಾನು ಜೀಪು ತರ್ತೀನಿ."

ಹೊರಟುಹೋದರು. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವರು ಏನೂ ಕೇಳಲಿಲ್ಲ. ಹಂಡೆಯ ನೀರು ಎಲ್ಲಿಯದು ಎಂದು ಗೊತ್ತಿದ್ದವಳು ಪ್ರಪಂಚದಲ್ಲಿ ನಾನೊಬ್ಬಳೇ.

ಮೊದಲು ನನಗೆ ತೋಚಿದ್ದನ್ನೂ ಬರೆಯುತ್ತೇನೆ. ಪೂಜಾವಸ್ತ್ರದ ಕೋಣೆಯಲ್ಲಿ ಒಂದು ಡಬ್ಬಿಯ ತಳದಲ್ಲಿ ನಮ್ಮ ಬಾವಿಗೆ ಹಾಕಿದ್ದರಲ್ಲಿ ಸ್ವಲ್ಪ ಪೌಡರ್ ಉಳಿದಿತ್ತು. ಓಡಿಹೋಗಿ ತಂದೆ. ಹಂಡೆಗೆ ಹಾಕಿ ಕದಡಿದರೆ ನಮ್ಮ ಬಾವಿಯ ನೀರಿನ ವಾಸನೆಯೇ ಬರುತ್ತದೆ. ಯಾರೂ ಏನೂ ಕೇಳುವುದಿಲ್ಲ. ನನ್ನ ಕೆಲಸ ಉಳಿಯುತ್ತದೆ. ಮುಚ್ಚಳ ತೆಗೆದೆ. ಎಷ್ಟು ನೀರಿಗೆ ಎಷ್ಟು ಪೌಡರ್, ಎಷ್ಟು ಹೊತ್ತು ಬಿಡಬೇಕು, ಒಂದೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಮಕ್ಕಳ ಬಾಯಿಗೆ ಬಿಡಬೇಕು. ಒಳಗೆ ಕೊನೆಯ ಹಾಡು ಶುರುವಾಯಿತು. ಡಬ್ಬಿಯನ್ನು ಕೆಳಗಿಟ್ಟೆ, ಮುಚ್ಚಳ ಮುಚ್ಚಿದೆ. ಜನ ಚೊಂಬು ಹಿಡಿದು ನುಗ್ಗಿ ಬಂದರು. ನಿಲ್ಲಿ ಎನ್ನಲು ಬಾಯಿ ತೆರೆದೆ, ದನಿ ಬರಲಿಲ್ಲ. ಒಬ್ಬಾಕೆ ಮುಚ್ಚಳಕ್ಕೆ ಕೈ ಹಾಕಿದಳು. ನಾನು ಹಿಂದು ಮುಂದು ನೋಡದೆ ಆ ಮುಚ್ಚಳದ ಮೇಲೆ ಕೂತುಬಿಟ್ಟೆ.

ತೀರ್ಥದ ಹಂಡೆಯ ಮೇಲೆ ಒಬ್ಬ ಹೆಂಗಸು ಕೂರುವುದು ಎಂದರೆ ಏನು ಎಂದು ನಿಮಗೆ ಈಗ ಅರ್ಥವಾಗಲಿಕ್ಕಿಲ್ಲ. ಇನ್ನಾಸಪ್ಪ ಮಾವ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಏಳೇ ತೆರೇಸ. ತೀರ್ಥದ ಮ್ಯಾಲೆ ಕುಂತಿದ್ದೀಯಲ್ಲ, ತಲೆಗಿಲೆ ಕೆಟ್ಟೈತಾ?"

"ಕೆಟ್ಟಿಲ್ಲ ಮಾವ. ಈ ನೀರು ಯಾರೂ ಕುಡೀಬ್ಯಾಡಿ. ಇದು ನಮ್ಮ ಬಾವೀದಲ್ಲ, ಚಿಕ್ಕಣ್ಣೋರ ತೋಟದ್ದು. ಅಲ್ಲಿ ಕಾಲರಾ ಬಂದೈತೆ."

"ಮಂತ್ರಿಸಿದ ನೀರಿಗೆ ಯಾವ ಕಾಲರಾನೇ ಬತ್ತದೆ? ಏಳು ಅಂದ್ರೆ ಏಳು."

"ಮಂತ್ರ ಸ್ವಾಮಿಯೋರ್ದು ಮಾವ. ನೀರು ನಂದು. ನಾನು ಕದ್ದು ತಂದಿದ್ದು."

ನಾನು ಸಭೆಯ ಎದುರು ಆಡಿದ ಮೊದಲ ಮಾತು ಅದು. ಸೆರಗು ತಲೆಯ ಮೇಲಿಂದ ಜಾರಿತ್ತು. ಎಳೆದುಕೊಳ್ಳಲು ಕೈ ಎತ್ತಿದರೆ ಯಾರಾದರೂ ನನ್ನನ್ನು ಎಬ್ಬಿಸಿಬಿಟ್ಟಾರು ಎಂದು ಎರಡೂ ಕೈಯಲ್ಲಿ ಹಂಡೆಯ ಕಂಠ ಹಿಡಿದುಕೊಂಡೇ ಇದ್ದೆ. ಗುರುಗಳು ಪೂಜೆಯ ಬಟ್ಟೆಯಲ್ಲೇ ಹೊರಗೆ ಬಂದರು. ನಾನು ನಿಮಗೆ ಹೇಳಿದ್ದೆನಲ್ಲ ತೆರೆಸಮ್ಮ ಎಂದರು. ಹೇಳಿದ್ದಿರಿ ಸ್ವಾಮಿ, ಎರಡು ಸಲ ಹೇಳಿದ್ದಿರಿ ಎಂದೆ. ಅವರು ಜನರ ಕಡೆ ತಿರುಗಿ, ಚೊಂಬುಗಳನ್ನು ಮನೆಗೆ ತೆಗೆದುಕೊಂಡು ಹೋಗಿ ಎಂದರು. ಹಿಂದಿನ ಗೋಡೆಯ ಬುಡದಲ್ಲಿ ಗುಂಡಿ ತೆಗೆಯಲು ಇಬ್ಬರಿಗೆ ಹೇಳಿದರು.

ಜನ ಕರಗಲು ಶುರುವಾದಾಗ ಇನ್ನೊಂದು ಮಾತು ಉಳಿದಿತ್ತು. ಅದನ್ನು ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು.

"ಮಾವ, ನಿನ್ನೆ ಸಂಜೆ ಅತ್ತೆಗೆ ಒಂದು ಸೀಸೆ ಕೊಟ್ಟೆ."

ಇನ್ನಾಸಪ್ಪ ಮಾವನ ಮುಖ ಬಿಳುಚಿತು. ಪಂಚೆ ಎತ್ತಿ ಕಟ್ಟಿ ಮನೆ ಕಡೆ ಓಡಿದರು. ನಾನೂ ಹಿಂದೆ ಓಡಿದೆ. ಸೀಸೆ ಖಾಲಿಯಾಗಿತ್ತು.

ಸೋಮವಾರ ಬೆಳಗ್ಗೆ ಲೂರ್ದಮ್ಮನಿಗೆ ಶುರುವಾಯಿತು. ಗಫಾರ್ ಸಾಹೇಬರು ಜೀಪು ತಂದರು. ಅತ್ತೆ ಹತ್ತಲು ಒಪ್ಪಲಿಲ್ಲ. ಎರಡು ವರ್ಷದಿಂದ ಈ ಮಂಚ ಬಿಟ್ಟಿಲ್ಲ, ಈಗ ಬಿಡುವುದಿಲ್ಲ ಎಂದರು. ಕುದಿಸಿ ಆರಿಸಿದ ನೀರಿಗೆ ಎಷ್ಟು ಉಪ್ಪು, ಎಷ್ಟು ಸಕ್ಕರೆ ಎಂದು ಗಫಾರ್ ಸಾಹೇಬರು ನನ್ನ ಕೈಯಲ್ಲೇ ಮಾಡಿಸಿ, ರುಚಿ ನೋಡಿ ಹೋದರು. ಇನ್ನಾಸಪ್ಪ ಮಾವ ಎಳನೀರು ಕೆತ್ತಿ ಕೊಟ್ಟರು. ನಾನು ಚಮಚ ಚಮಚವಾಗಿ ಕುಡಿಸಿದೆ. ತೆಂಗಿನ ಚಿಪ್ಪಿನ ಬೆಂಕಿಯಲ್ಲಿ ನೀರು ಕುದಿಸುತ್ತಲೇ ಇದ್ದೆ. ಅವರ ಬಟ್ಟೆಯನ್ನು ಬಾವಿಯ ಹತ್ತಿರಕ್ಕೆ ಒಯ್ಯಲಿಲ್ಲ, ಕುದಿಯುವ ನೀರಿನಲ್ಲಿ ಅದ್ದಿ ಹಿತ್ತಲಲ್ಲೇ ಒಗೆದೆ. ಮಾವ ನನ್ನನ್ನು ಮನೆಯಿಂದ ಹೊರಗೆ ಹಾಕಬಹುದಾಗಿತ್ತು. ಹಾಕಲಿಲ್ಲ, ಮಾತೂ ಆಡಲಿಲ್ಲ.

ಮಂಗಳವಾರ ಲೂರ್ದಮ್ಮನಿಗೆ ಸ್ವಲ್ಪ ಎಚ್ಚರ ಬಂತು. ಅತ್ತೆ, ನನ್ನಿಂದ ಹೀಗಾಯಿತು ಎಂದು ನಾನು ಅಳತೊಡಗಿದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಅಳಬ್ಯಾಡ ಕಣೇ. ನಾನು ಎಷ್ಟು ಮಕ್ಕಳ ಹೊಕ್ಕಳಬಳ್ಳಿ ಕುಯ್ದೆ. ಕುಡುಗೋಲು ಸುಟ್ಟು ಕುಯ್ದಿದ್ದೂ ಐತೆ, ಆತುರಕ್ಕೆ ಸುಡದೆ ಕುಯ್ದಿದ್ದೂ ಐತೆ. ಸುಡದೆ ಕುಯ್ದು ಹೋದ ಮಕ್ಕಳು ಮೂರು. ಅವರ ಹೆಸರು ಯಾರಿಗೂ ಗೊತ್ತಿಲ್ಲ, ನಂಗೆ ನೆಪ್ಪೈತೆ. ಆಮ್ಯಾಕೆ ಒಂದು ದಿನಾನೂ ಸುಡದೆ ಮುಟ್ಟಲಿಲ್ಲ. ನೀನೂ ಹಂಗೇ ಮಾಡು, ಬುಡು."

ಜೆಸಿಂತಾ, ನಾನು ನಿನಗೆ ಕೊಡಬಹುದಾದ ಪಾಠ ಇಷ್ಟೇ. ನನ್ನದಲ್ಲ, ಅವರದು.

ಬುಧವಾರ ಮಧ್ಯಾಹ್ನ ಅವರು ಹೋದರು. ನಮ್ಮ ಸಭೆಯಲ್ಲಿ ಆ ಬೇಸಿಗೆ ಬೇರೆ ಯಾರೂ ಸಾಯಲಿಲ್ಲ. ಚಿಕ್ಕಣ್ಣನವರ ತೋಟದ ಇಬ್ಬರೂ ತಿಪಟೂರು ಆಸ್ಪತ್ರೆಯಲ್ಲಿ ಉಳಿದುಕೊಂಡರು. ಸೋಮವಾರ ಹಾಕಬೇಕಿದ್ದ ಪೌಡರನ್ನು ಗಫಾರ್ ಸಾಹೇಬರು ಭಾನುವಾರವೇ ಬೇರೆ ಊರಿನಿಂದ ತಂದು ಹಾಕಿದ್ದರು.

ಕಮಿಟಿ ಕೂತಿತು. ನನ್ನನ್ನು ತೆಗೆಯಬೇಕು ಎಂದು ಕೆಲವರು ಹೇಳಿದರು. ನಾನು ಪಾತ್ರೆ ಪಡಗ ಕಟ್ಟಿಟ್ಟು ತಯಾರಾಗಿದ್ದೆ. ಗುರುಗಳು ನನ್ನನ್ನು ಕರೆದು, ಇನ್ನು ಮುಂದೆ ಹೇಳಿದ ಹಾಗೆ ಮಾಡುತ್ತೀರಾ ಎಂದು ಕೇಳಿದರು. ಮಾಡುವುದಿಲ್ಲ ಸ್ವಾಮಿ, ಇನ್ನು ಮುಂದೆ ಯಾಕೆ ಎಂದು ಕೇಳಿ, ತಿಳಿದುಕೊಂಡು ಮಾಡುತ್ತೇನೆ ಎಂದೆ. ಹೇಗೆ ಬಾಯಿಗೆ ಬಂತೋ ಕಾಣೆ. ಅವರಿಗೆ ನಗು ಬಂತು, ತಡೆದುಕೊಂಡರು. ಕೆಲಸ ಉಳಿಯಿತು.

ಆಮೇಲೆ ನಾನು ಇದ್ದಷ್ಟು ಕಾಲ ಈಸ್ಟರ್ ನೀರು ಕುದಿಯದೆ ಹಂಡೆಗೆ ಬೀಳಲಿಲ್ಲ. ಶುಕ್ರವಾರ ಬೆಳಗಿನಿಂದ ಚಿಪ್ಪು, ಮಟ್ಟೆ ಹಾಕಿ ಕುದಿಸಿ, ಬಟ್ಟೆ ಕಟ್ಟಿ ಆರಿಸುತ್ತಿದ್ದೆ. ಹಂಡೆಗೆ ನಲ್ಲಿ ಬೆಸುಗೆ ಹಾಕಿಸಿದೆವು, ಯಾರೂ ಚೊಂಬು ಮುಳುಗಿಸುವ ಹಾಗಿಲ್ಲ. ಮುತ್ತಿಡುವ ಶಿಲುಬೆಗೆ ಇಪ್ಪತ್ತು ತುಂಡು ಬಟ್ಟೆ, ಒಂದೊಂದು ಹತ್ತು ಜನಕ್ಕೆ. ಮೂರು ಜನ ಗುರುಗಳು ಬದಲಾದರು, ಒಬ್ಬರು ಇದೆಲ್ಲ ಅತಿಯಾಯಿತು ಎಂದರು. ಅವರಿಗೂ ಎದುರು ನಿಂತು ಕಾರಣ ಹೇಳಿದೆ. ಕೈ ನಡುಗುತ್ತಿತ್ತು, ಆದರೂ ಹೇಳಿದೆ. ವಿನೋದ, ಕಮಿಟಿಯಲ್ಲಿ ಕೂತಾಗ ನಿನಗೂ ಕೈ ನಡುಗುತ್ತದೆ. ನಡುಗಲಿ.

ಇನ್ನು ಕೊನೆಯದು. ಲೂರ್ದಮ್ಮನನ್ನು ಮಣ್ಣು ಮಾಡಿದ ದಿನ ಗುರುಗಳು ಸತ್ತವರ ಹೆಸರು ಬರೆಯುವ ಪುಸ್ತಕ ತೆಗೆದರು. ಸಾವಿಗೆ ಕಾರಣ ಎಂದು ಅದರಲ್ಲಿ ಒಂದು ಕಲಮು ಇರುತ್ತದೆ. ಪೆನ್ನು ಹಿಡಿದು ಇನ್ನಾಸಪ್ಪ ಮಾವನ ಮುಖ ನೋಡಿದರು. ನಾನು ಬಾಗಿಲ ಬಳಿ ಸಾಂಬ್ರಾಣಿಯ ಕೆಂಡ ಆರಿಸುತ್ತಿದ್ದೆ. ನಾಲ್ಕು ದಿನದಿಂದ ನನ್ನ ಜೊತೆ ಮಾತಾಡದಿದ್ದ ಮಾವ ನನ್ನ ಕಡೆ ಒಮ್ಮೆ ನೋಡಿ, ಗುರುಗಳಿಗೆ ಹೇಳಿದರು:

"ವಯಸ್ಸಾಗಿತ್ತು ಅಂತ ಬರೀರಿ ಸ್ವಾಮಿ. ಇವಳಿಗೆ ಒಂದು ಮಗ ಐತೆ."

ಗುರುಗಳು ಹಾಗೇ ಬರೆದರು. ನಾನು ಸುಮ್ಮನಿದ್ದೆ. ಭಾನುವಾರ ಹಂಡೆಯ ಮೇಲೆ ಕೂತಾಗ ಬಂದ ದನಿ ಆ ದಿನ ಬರಲಿಲ್ಲ. ಆ ಸುಮ್ಮನಿರುವಿಕೆಯಲ್ಲೇ ನಿಮ್ಮ ಅಪ್ಪ ಬೆಳೆದ, ಓದಿದ, ನೀವು ಹುಟ್ಟಿದಿರಿ. ಮಾವ ಹೋದರು, ಆ ಗುರುಗಳೂ ಹೋದರು. ಪುಸ್ತಕದಲ್ಲಿ ಈಗಲೂ ಹಾಗೆಯೇ ಇದೆ.

ಲೂರ್ದಮ್ಮ ವಯಸ್ಸಾಗಿ ಸಾಯಲಿಲ್ಲ. ತೆರೆಸಮ್ಮ ತಂದ ನೀರು ಕುಡಿದು ಸತ್ತರು. ಇದನ್ನು ಬರೆದಿರುವುದು ಈ ಹಾಳೆಗಳಲ್ಲಿ ಮಾತ್ರ. ಮಳೆ ತಾಗದ ಕಡೆ, ಗೆದ್ದಲು ಹತ್ತದ ಕಡೆ ಇಡಿ. ನನ್ನ ಮೇಲಿನ ಪ್ರೀತಿಗೆ ಒಂದು ಸಾಲನ್ನೂ ಹೊಡೆದುಹಾಕಬೇಡಿ.